ಸುಟ್ಟ ಗುಡ್ಡಕ್ಕೆ ನಾವು ಮಾಡಬೇಕಾದ್ದೇನು?

ಶಿವರಾತ್ರಿ ಕಳೆದ ವಾರ ನಮ್ಮ ತಾಲ್ಲೂಕಿನ ಹುಲ್ಲುಗುಡ್ಡಕ್ಕೆ ಬಿದ್ದ ಬೆಂಕಿ ಆರಿ ಈಗ ಒಂದೂವರೆ ತಿಂಗಳಾಯಿತು. ಆರಿಸಲು ಹೋದವರಲ್ಲಿ ಅರಣ್ಯ ಇಲಾಖೆಯ ಗಾರ್ಡು, ವಾಚರುಗಳ ಜೊತೆಗೆ ನಮ್ಮ ಸಂಘದ ಸದಸ್ಯರೂ ಅವರ ಮಕ್ಕಳೂ ಇದ್ದರೆಂಬುದು ಸಂತೋಷದ ಸಂಗತಿ. ಎರಡು ಹಗಲು ಒಂದು ರಾತ್ರಿ ಹಸಿಸೊಪ್ಪಿನಿಂದ ಬಡಿದು ಬಡಿದು ಬೆಂಕಿಯನ್ನು ತೋಟದಂಚಿನಲ್ಲಿ ನಿಲ್ಲಿಸಿದವರಿಗೆ ಸಂಘದ ಪರವಾಗಿ ಈ ಪತ್ರಿಕೆಯ ಮೂಲಕ ಕೃತಜ್ಞತೆ ಸಲ್ಲಿಸುತ್ತೇನೆ.

ಈಗ ಎದ್ದಿರುವ ಪ್ರಶ್ನೆ ಬೇರೆ. ಸುಟ್ಟ ಗುಡ್ಡವನ್ನು ಸರಿಪಡಿಸಲು ಸಂಘದ ವತಿಯಿಂದ ಶ್ರಮದಾನ ಏರ್ಪಡಿಸಬೇಕು, ಅದಕ್ಕೆ ಕಾಮನ್ ಗುಡ್ ಫಂಡಿನಿಂದ ಹಣ ಒದಗಿಸಬೇಕು ಎಂದು ಮೂವತ್ತಕ್ಕೂ ಹೆಚ್ಚು ಸದಸ್ಯರು ಸಹಿ ಮಾಡಿದ ಅರ್ಜಿಯೊಂದು ಕಚೇರಿಗೆ ಬಂದಿದೆ. ಗುಡ್ಡದ ಮೇಲೆ ಬೀಜದುಂಡೆ ಎರಚುವುದು, ನಮ್ಮ ನರ್ಸರಿಯಿಂದ ಸಿಲ್ವರ್ ಓಕ್ ಸಸಿ ತಂದು ನೆಡುವುದು, ಸುಟ್ಟು ನಿಂತ ಮರಗಳನ್ನು ಕಡಿದು ಚೊಕ್ಕಟ ಮಾಡುವುದು, ನೆತ್ತಿಗೆ ಹೋಗುವ ಕಾಲುದಾರಿಯನ್ನು ಮುಂದಿನ ಸಲ ಬೆಂಕಿ ಬಿದ್ದಾಗ ಜೀಪು ಹೋಗುವಷ್ಟು ಅಗಲ ಮಾಡುವುದು, ಹೀಗೆ ಅರ್ಜಿಯಲ್ಲಿ ನಾಲ್ಕು ಕೆಲಸಗಳನ್ನು ಹೇಳಿದೆ. ಅರ್ಜಿದಾರರ ಸದುದ್ದೇಶದ ಬಗ್ಗೆ ಎರಡು ಮಾತಿಲ್ಲ. ಆದರೆ ಈ ನಾಲ್ಕರಲ್ಲಿ ಒಂದನ್ನೂ ಅರ್ಜಿಯಲ್ಲಿರುವಂತೆ ಮಾಡಕೂಡದು, ಶ್ರಮದಾನವನ್ನು ಮಾತ್ರ ಖಂಡಿತ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಆಡಳಿತ ಮಂಡಳಿ ತೀರ್ಮಾನಕ್ಕೆ ಬರುವ ಮೊದಲು ಸದಸ್ಯರು ವಿಷಯವನ್ನು ತಿಳಿದಿರಲಿ ಎಂದು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕಾಡು ಸರ್ಕಾರದ್ದು, ಸುಟ್ಟರೆ ಸರ್ಕಾರ ನೋಡಿಕೊಳ್ಳಲಿ, ಬೆಳೆಗಾರರ ಸಂಘಕ್ಕೇಕೆ ಈ ಉಸಾಬರಿ ಎಂದು ಕೇಳುವವರೂ ಇದ್ದಾರೆ. ಅವರಿಗೆ ನನ್ನ ಉತ್ತರ ಬಹಳ ಚಿಕ್ಕದು. ಬೇಸಿಗೆಯಲ್ಲಿ ನಿಮ್ಮ ಅಡಿಕೆ ತೋಟಕ್ಕೆ ಹರಿಯುವ ನೀರು ಎಲ್ಲಿಂದ ಬರುತ್ತದೆಂದು ಹಳ್ಳ ಹಿಡಿದು ಮೇಲಕ್ಕೆ ನಡೆದು ನೋಡಿ. ಹುಲ್ಲುಗುಡ್ಡಗಳ ಸಂದಿಯಲ್ಲಿ, ನಾವು ಶೋಲಾ ಎಂದು ಕರೆಯುವ ಕಾಡಿನ ಪಟ್ಟಿಯೊಳಗೆ ಆ ಹಳ್ಳ ಹುಟ್ಟುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲದ ಸೀಮೆಯೂ ಇಂಥ ಹುಲ್ಲು ಮತ್ತು ಶೋಲಾ ಬೆರೆತ ಗುಡ್ಡವೇ. ಮಳೆಗಾಲದಲ್ಲಿ ಬಿದ್ದ ನೀರನ್ನು ಹುಲ್ಲು ಹಿಡಿದು ನೆಲಕ್ಕಿಳಿಸುತ್ತದೆ, ಶೋಲಾ ಅದನ್ನು ಏಪ್ರಿಲ್‌ವರೆಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸುವವರು ಯಾರ ನೀರನ್ನು ಎತ್ತುತ್ತಿದ್ದಾರೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲು ಬಂಡೀಪುರದ ಮಾತು. 2019ರ ಫೆಬ್ರವರಿ ಕೊನೆಯ ವಾರದಲ್ಲಿ ಅಲ್ಲಿ ಬಿದ್ದ ಬೆಂಕಿಯನ್ನು ಟಿ.ವಿ.ಯಲ್ಲಿ ನೋಡದವರಿಲ್ಲ. ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಸಾವಿರಾರು ಎಕರೆ ಸುಟ್ಟುಹೋಯಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ಬೆಂಗಳೂರು, ಮೈಸೂರುಗಳಿಂದ ನೂರಾರು ಯುವಕ ಯುವತಿಯರು ಸ್ವಂತ ಖರ್ಚಿನಲ್ಲಿ ಬಂದು ಇಲಾಖೆಯವರ ಜೊತೆ ನಿಂತರು. ಪಟ್ಟಣದ ಮಕ್ಕಳಿಗೆ ಕಾಡಿನ ಮೇಲೆ ಇಷ್ಟು ಪ್ರೀತಿಯಿದೆಯೇ ಎಂದು ನನಗೆ ಆಶ್ಚರ್ಯವಾಯಿತು, ಮೆಚ್ಚಿಗೆಯೂ ಆಯಿತು. ಆದರೆ ಬೆಂಕಿ ಆರಿದ ಮರುದಿನವೇ ಎಲ್ಲ ಕಡೆಯಿಂದ ಒಂದೇ ಕೂಗು: ಗಿಡ ನೆಡೋಣ, ಬೀಜ ಎರಚೋಣ. ಕಾಡನ್ನು ಬಲ್ಲವರು ಆಗ ಹೇಳಿದ್ದು ಸುಮ್ಮನೆ ಬಿಡಿ ಎಂದು. ಬಂಡೀಪುರದಂಥ ಎಲೆ ಉದುರುವ ಕಾಡಿನಲ್ಲಿ ಮತ್ತಿ, ಹೊನ್ನೆ, ದಿಂಡಿಗ, ತೇಗ, ನೆಲ್ಲಿ ಇವೆಲ್ಲ ತೊಗಟೆ ದಪ್ಪವಾದ, ಇಲ್ಲವೇ ಬುಡದಿಂದ ಮತ್ತೆ ಚಿಗುರುವ ಜಾತಿಗಳು. ಮಳೆ ಬಿದ್ದರೆ ಅವು ತಾವಾಗಿ ಎದ್ದುಕೊಳ್ಳುತ್ತವೆ. ಅಲ್ಲಿನ ನಿಜವಾದ ಶತ್ರು ಲಂಟಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಈ ಗಿಡ ಇಂದು ಬಂಡೀಪುರದ ನೆಲವನ್ನೆಲ್ಲ ತುಂಬಿಕೊಂಡು ಒಣಗಿ ಸೌದೆಯಾಗಿ ಬೆಂಕಿಗೆ ಕಾಯುತ್ತಿರುತ್ತದೆ. ಸುಟ್ಟ ಮೇಲೂ ಮೊದಲು ಚಿಗುರುವುದು ಅದೇ.

ನಮ್ಮ ಗುಡ್ಡದ ಕಥೆ ಇದಕ್ಕಿಂತ ಬೇರೆ. ಬಂಡೀಪುರಕ್ಕೆ ಹೇಳಿದ ಔಷಧಿ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಕಾಫಿಯ ಕೊಳೆಗೂ ಅಡಿಕೆಯ ಕೊಳೆಗೂ ಹೆಸರು ಒಂದೇ ಇದ್ದರೂ ಬೋರ್ಡೋ ಹೊಡೆಯುವ ಹೊತ್ತು ಒಂದೇ ಅಲ್ಲವಲ್ಲ, ಹಾಗೆ. ನಮ್ಮಲ್ಲಿ ಸುಟ್ಟದ್ದರಲ್ಲಿ ಹೆಚ್ಚಿನ ಪಾಲು ಹುಲ್ಲು. ಹುಲ್ಲಿನ ಕುಡಿ ನೆಲದ ಮಟ್ಟದಲ್ಲಿ, ಬುಡದ ಗುಂಪಿನೊಳಗೆ ಅವಿತಿರುತ್ತದೆ. ಮೇಲಿನ ಒಣ ಗರಿ ಸುಟ್ಟರೂ ಬೇರು ಸಾಯುವುದಿಲ್ಲ. ಒಂದು ಮಳೆ ಬಿದ್ದ ಹತ್ತು ಹದಿನೈದು ದಿನಕ್ಕೆ ಗುಡ್ಡ ಮತ್ತೆ ಹಸಿರು, ಕಾಟಿಗಳು ಎಳೆಹುಲ್ಲಿಗೆ ಇಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ನಿಜವಾಗಿ ಪೆಟ್ಟು ತಿಂದದ್ದು ಶೋಲಾದ ಅಂಚು. ಶೋಲಾದ ಮರಗಳ ತೊಗಟೆ ತೆಳು, ಅವು ಬೆಂಕಿಯ ಜೊತೆ ಬಾಳಿದವಲ್ಲ. ಪ್ರತಿ ಸಲ ಬೆಂಕಿ ಬಿದ್ದಾಗಲೂ ಅಂಚಿನ ಒಂದೆರಡು ಸಾಲು ಸತ್ತು ಕಾಡು ಒಳಕ್ಕೆ ಸರಿಯುತ್ತದೆ. ಹಾಗೆ ಸರಿದ ಜಾಗಕ್ಕೆ ಹುಲ್ಲೋ ಯುಪಟೋರಿಯಮ್ಮೋ ಬಂದು, ಅದು ಒಣಗಿ, ಮುಂದಿನ ಬೆಂಕಿಯನ್ನು ಇನ್ನೂ ಒಳಕ್ಕೆ ಕರೆದೊಯ್ಯುತ್ತದೆ.

ಆದ್ದರಿಂದ ಹುಲ್ಲುಗುಡ್ಡದ ಮೇಲೆ ಸಿಲ್ವರ್ ಓಕ್ ನೆಡುವುದೆಂದರೆ ರೋಗವಿಲ್ಲದ ಕೈಗೆ ಪಟ್ಟಿ ಕಟ್ಟಿದಂತೆ. ಸಿಲ್ವರ್ ಓಕ್ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ಒಳ್ಳೆಯ ಮರವೇ ಸರಿ. ಆದರೆ ಹುಲ್ಲುಗುಡ್ಡ ಖಾಲಿ ಬಿದ್ದ ಜಾಗವಲ್ಲ. ಮರವಿಲ್ಲದ ಜಾಗವನ್ನೆಲ್ಲ ಬೀಳು ಎಂದು ತಿಳಿದು ಹಿಂದಿನ ದಶಕಗಳಲ್ಲಿ ಮಲೆನಾಡಿನ ಎಷ್ಟೋ ಗುಡ್ಡಗಳಿಗೆ ಅಕೇಶಿಯಾ ನೆಟ್ಟದ್ದರ ಫಲವನ್ನು ಕೆಳಗಿನ ಊರಿನವರು ಇಂದಿಗೂ ಬಣ್ಣಿಸುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ನೀಲಕುರಿಂಜಿ ನಮ್ಮ ಚಂದ್ರದ್ರೋಣದ ಸಾಲಿನಲ್ಲಿ ಉಳಿದಿರುವುದು ಮರ ನೆಡದೆ ಬಿಟ್ಟ ಇಳಿಜಾರುಗಳಲ್ಲೇ ಎಂಬುದನ್ನೂ ನೆನಪಿಡಬೇಕು. ಬೀಜದುಂಡೆಯ ವಿಷಯಕ್ಕೆ ಬಂದರೆ, ಅದನ್ನು ಉಂಡೆ ಕಟ್ಟುವಾಗ ಶಾಲೆಯ ಮಕ್ಕಳಿಗೆ ಬಹಳ ಸಂತೋಷ, ಎಸೆಯುವಾಗ ಛಾಯಾಚಿತ್ರವೂ ಚೆನ್ನಾಗಿ ಬರುತ್ತದೆ. ಹುಲ್ಲಿನ ಮೇಲೆ ಬಿದ್ದ ಉಂಡೆ ಇಲಿ ಇರುವೆಗಳ ಪಾಲು. ಹುಟ್ಟಿದರೂ ಹುಲ್ಲಿನ ಪೈಪೋಟಿಗೆ, ಮುಂದಿನ ಬೇಸಿಗೆಗೆ ಸಾಯುತ್ತದೆ. ಬದುಕಿತೆಂದೇ ಇಟ್ಟುಕೊಳ್ಳಿ, ಎಲ್ಲಿಯದೋ ಜಾತಿಯ ಮರ ಅಲ್ಲಿ ಬೆಳೆಯಬೇಕಾದ ಕಾರಣವೇನು?

ನೆಡಬೇಕಾದ ಜಾಗ ಒಂದೇ, ಶೋಲಾದ ಸುಟ್ಟ ಅಂಚು. ಅಲ್ಲಿಯೂ ಅವಸರ ಕೂಡದು. ಈ ಮಳೆಗಾಲ ಏನೇನು ತಾನಾಗಿ ಬರುತ್ತದೆಂದು ನೋಡಬೇಕು. ಉಪ್ಪಳಿಗೆಯಂಥ, ಬಿಸಿಲಿಗೆ ಬೇಗ ಬೆಳೆಯುವ ಗಿಡಗಳು ಮೊದಲು ಬಂದು ನೆರಳು ಮಾಡುತ್ತವೆ. ಕಾಫಿಗೆ ಮೊದಲು ಹಾಲುವಾಣ ನೆಟ್ಟು ನೆರಳು ಮಾಡಿಕೊಳ್ಳುವ ನಮಗೆ ಈ ಕ್ರಮ ಅರ್ಥವಾಗದ್ದೇನಲ್ಲ. ಆ ನೆರಳಿನಡಿ ಅದೇ ಶೋಲಾದಿಂದ ಆರಿಸಿದ ನೇರಳೆ, ಕಾಡುದಾಲ್ಚಿನ್ನಿ ಮುಂತಾದವುಗಳ ಬೀಜದಿಂದ ಎಬ್ಬಿಸಿದ ಸಸಿಗಳನ್ನು ಮುಂದಿನ ವರ್ಷ, ಅದರ ಮುಂದಿನ ವರ್ಷ ಇಡಬಹುದು. ನಮ್ಮ ನರ್ಸರಿಯ ಒಂದು ಮಡಿಯನ್ನು ಇದಕ್ಕೆ ಬಿಟ್ಟುಕೊಡಲು ಮಂಡಳಿ ಒಪ್ಪಿದರೆ ಅಷ್ಟೇ ದೊಡ್ಡ ಉಪಕಾರ.

ಹಾಗಾದರೆ ಶ್ರಮದಾನಕ್ಕೆ ಉಳಿಯುವ ಕೆಲಸವೇನು? ಬೇಕಾದಷ್ಟಿದೆ. ಅದರಲ್ಲಿ ಎಲ್ಲಕ್ಕಿಂತ ತುರ್ತಿನದು ಕಾಲುದಾರಿ. ಇದನ್ನು ಯಾರೂ ಗಮನಿಸುತ್ತಿಲ್ಲವಾದ್ದರಿಂದ ಸ್ವಲ್ಪ ಹೆಚ್ಚು ಹೇಳುತ್ತೇನೆ.

ನೆತ್ತಿಯ ದೇವರ ಕಲ್ಲಿಗೆ ಹೋಗುವ ದಾರಿ ನಮ್ಮ ಅಜ್ಜಂದಿರ ಕಾಲದಲ್ಲಿ ಒಂದೇ ಇತ್ತು. ಅದು ಗುಡ್ಡಕ್ಕೆ ಅಡ್ಡಡ್ಡ ಸುತ್ತಿ ನಿಧಾನವಾಗಿ ಏರುತ್ತಿತ್ತು, ಹೊರೆ ಹೊತ್ತವರೂ ಎತ್ತುಗಳೂ ನಡೆಯುವ ದಾರಿ. ಈಗ ವಾರದ ಕೊನೆಗೆ ಚಾರಣಕ್ಕೆಂದು ಬರುವವರು ನೆಟ್ಟಗೆ ಮೇಲಕ್ಕೆ ಹತ್ತಿ ಹತ್ತಿ ಐದಾರು ಅಡ್ಡದಾರಿಗಳಾಗಿವೆ. ಇದು ನಮ್ಮ ಗುಡ್ಡದ ಪಾಡು ಮಾತ್ರವಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಚಿತ್ರ ಎಲ್ಲರ ಮೊಬೈಲಿಗೂ ಬಂದು, ಸರ್ಕಾರ ಚಾರಣವನ್ನು ಕೆಲಕಾಲ ನಿಲ್ಲಿಸಿ ಆನ್‌ಲೈನ್ ನೋಂದಣಿ ಮತ್ತು ಜನಸಂಖ್ಯೆಯ ಮಿತಿ ತರಬೇಕಾಯಿತು. ನೆಟ್ಟಗೆ ಇಳಿಯುವ ದಾರಿಯೆಂದರೆ ಮಳೆಗಾಲಕ್ಕೆ ಅದು ದಾರಿಯಲ್ಲ, ಚರಂಡಿ. ಹುಲ್ಲು ಇದ್ದಾಗಲೇ ಹೀಗೆ. ಈಗ ಹುಲ್ಲು ಸುಟ್ಟು ಎರಡು ಬದಿಯೂ ಬೋಳಾಗಿದೆ, ನೆಲದ ಮೇಲೆ ಬೂದಿ ಕುಳಿತಿದೆ. ಬೆಂಕಿಯ ಕಾವಿಗೆ ಕೆಲವು ಕಡೆ ಮೇಲ್ಮಣ್ಣು ನೀರನ್ನೇ ಹೀರದಂತಾಗುತ್ತದೆ. ಮೊದಲ ನಾಲ್ಕು ಜೋರು ಮಳೆಗೆ ಬೀಳುವ ನೀರೆಲ್ಲ ಈ ಚರಂಡಿಗಳಲ್ಲಿ ಓಡಿ ಮಣ್ಣನ್ನು ಶೋಲಾದ ಹಳ್ಳಕ್ಕೆ, ಅಲ್ಲಿಂದ ನಮ್ಮ ಕೆರೆಗೆ ತಂದು ಹಾಕುತ್ತದೆ. ಹುಲ್ಲು ಚಿಗುರಿ ನೆಲ ಹಿಡಿಯಲು ಬೇಕಾದ ಎರಡು ಮೂರು ವಾರವೇ ಅಪಾಯದ ಕಾಲ. ಆ ಮೂರು ವಾರಕ್ಕೆ ಬೇಕಾದ ಕೆಲಸವನ್ನು ಮುಂಗಾರಿಗೆ ಮೊದಲೇ ಮುಗಿಸಿರಬೇಕು.

ಕೆಲಸವೇನೋ ನಮಗೆ ಹೊಸದಲ್ಲ. ಇಳಿಜಾರಿನಲ್ಲಿ ಕಾಫಿ ಬೆಳೆದವನಿಗೆ ಮಣ್ಣು ಹಿಡಿಯುವುದನ್ನು ಯಾವ ಪರಿಣತರೂ ಕಲಿಸಬೇಕಿಲ್ಲ. ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಯುವುದು ಏಕೆ? ಓಡುವ ನೀರನ್ನು ಅಲ್ಲಲ್ಲಿ ತಡೆದು ಅದರ ಸೊಕ್ಕು ಮುರಿಯಲು. ದಾರಿಯಲ್ಲಿಯೂ ಅದೇ ತತ್ತ್ವ, ಆದರೆ ಗುಂಡಿ ತೆಗೆಯಬಾರದು. ದಾರಿಗೆ ಅಡ್ಡಲಾಗಿ, ನೇರವಾಗಿ ಅಲ್ಲ, ಇಳಿಜಾರಿನ ಕಡೆಗೆ ಓರೆಯಾಗಿ ಕಲ್ಲಿನ ಸಾಲು ಹೂಳಬೇಕು. ಕಲ್ಲಿನ ಮೂರರಲ್ಲಿ ಎರಡು ಪಾಲು ಮಣ್ಣಿನೊಳಗಿರಬೇಕು, ಇಲ್ಲವಾದರೆ ಮೊದಲ ಮಳೆಗೇ ಉರುಳುತ್ತದೆ. ಮೇಲಿನಿಂದ ಬಂದ ನೀರು ಈ ಸಾಲಿಗೆ ತಗುಲಿ ದಾರಿಬಿಟ್ಟು ಪಕ್ಕದ ಹುಲ್ಲಿಗೆ ಹರಿಯಬೇಕು, ಹರಿದ ಜಾಗದಲ್ಲಿ ಕೊರೆಯದಂತೆ ನಾಲ್ಕು ಕಲ್ಲು ಚೆಲ್ಲಿರಬೇಕು. ಏರು ಕಡಿದಾದಷ್ಟೂ ಸಾಲುಗಳು ಹತ್ತಿರ ಹತ್ತಿರ ಬರಬೇಕು. ದಾರಿಯ ಮೈ ಹೊರಬದಿಗೆ ಸ್ವಲ್ಪವೇ ವಾಲಿರಬೇಕು, ನೀರು ದಾರಿಯುದ್ದಕ್ಕೆ ಓಡದೆ ಅಡ್ಡಕ್ಕೆ ದಾಟಿಹೋಗುವಂತೆ. ಹಳೆಯ ಎತ್ತಿನ ದಾರಿಯ ಉಳಿದ ಭಾಗಗಳನ್ನು ನೋಡಿದರೆ ಹಿಂದಿನವರು ಇದನ್ನೆಲ್ಲ ಮಾಡಿಟ್ಟಿದ್ದಾರೆಂದು ತಿಳಿಯುತ್ತದೆ. ನಾವು ಮಾಡಬೇಕಾದ್ದು ಆ ಒಂದು ದಾರಿಯನ್ನು ಮತ್ತೆ ಎಬ್ಬಿಸಿ, ಉಳಿದ ಅಡ್ಡದಾರಿಗಳನ್ನೆಲ್ಲ ಮುಚ್ಚುವುದು. ಮುಚ್ಚುವುದೆಂದರೆ ಬಾಯಿಗೆ ಬೋರ್ಡು ಹಾಕುವುದಲ್ಲ. ಬೋರ್ಡನ್ನು ಯಾರೂ ಓದುವುದಿಲ್ಲ, ಓದಿದವನೂ ಪಾಲಿಸುವುದಿಲ್ಲ. ಕೆಳಗೂ ಮೇಲೂ ಮುಳ್ಳು ಕಡಿದು ಒಟ್ಟಬೇಕು, ನಡುವೆ ಕೊರಕಲಾದಲ್ಲೆಲ್ಲ ಕಲ್ಲುತಡೆ ಕಟ್ಟಬೇಕು. ಎರಡು ಮಳೆಗಾಲ ಯಾರೂ ತುಳಿಯದಿದ್ದರೆ ಹುಲ್ಲು ತಾನೇ ಮುಚ್ಚುತ್ತದೆ.

ಇಷ್ಟು ಹೇಳಿದ ಮೇಲೆ ಜೀಪಿನ ದಾರಿ ಏಕೆ ಕೂಡದೆಂದು ಬೇರೆ ಹೇಳಬೇಕಾಗಿಲ್ಲ. ಬೆಂಕಿ ಆರಿಸಲು ಜೀಪು ಹೋಗಲಿ ಎಂದು ಅಗೆದ ದಾರಿಯಲ್ಲಿ ವರ್ಷದ ಉಳಿದ ದಿನ ಯಾರ ಜೀಪುಗಳು ಹೋಗುತ್ತವೆಂಬುದು ಹೋಂಸ್ಟೇ ನಡೆಸುವ ಸದಸ್ಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಅರಣ್ಯದೊಳಗೆ ಹೊಸ ದಾರಿ ಕಡಿಯುವುದು 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ಒಳಪಡುವ ವಿಷಯ, ಸಂಘ ನಿರ್ಣಯ ಮಾಡಿ ಅಗೆಯುವಂಥದಲ್ಲ.

ಸುಟ್ಟು ನಿಂತ ಮರಗಳನ್ನು ಕಡಿಯುವ ಸಲಹೆಗೂ ನನ್ನ ವಿರೋಧವಿದೆ. ನೋಡಲು ಅಸಹ್ಯವೆನ್ನುವುದು ನಿಜ. ಆದರೆ ಮರಕುಟಿಗ, ಕುಟ್ರುಹಕ್ಕಿ, ಗೂಬೆ ಇವಕ್ಕೆಲ್ಲ ಮನೆ ಕಟ್ಟಲು ಒಣಮರದ ಪೊಟರೆ ಬೇಕು. ಎಷ್ಟೋ ಮರ ಸತ್ತಂತೆ ಕಂಡು ಮಳೆ ಬಿದ್ದ ಮೇಲೆ ಕೊಂಬೆಯಲ್ಲಿ ಚಿಗುರುವುದೂ ಉಂಟು. ದಾರಿಯ ಮೇಲೆ ಬೀಳುವಂತಿರುವ ಒಂದೆರಡನ್ನು ಇಲಾಖೆಯವರೇ ಉರುಳಿಸಲಿ. ಉರುಳಿದ್ದನ್ನು ಅವರ ಒಪ್ಪಿಗೆಯಿಂದ ಇಳಿಜಾರಿಗೆ ಅಡ್ಡಲಾಗಿ ಹಾಸಿದರೆ ಮಣ್ಣು ತಡೆಯುತ್ತದೆ. ಸೌದೆಯೆಂದು ಒಂದು ಕಡ್ಡಿಯೂ ಗುಡ್ಡದಿಂದ ಕೆಳಗಿಳಿಯಕೂಡದು. ಇಳಿದರೆ ನಮ್ಮ ಶ್ರಮದಾನಕ್ಕೆ ಊರವರು ಬೇರೆ ಹೆಸರು ಇಡುತ್ತಾರೆ.

ಇನ್ನು ಲಂಟಾನ, ಯುಪಟೋರಿಯಂ. ಶೋಲಾದ ಅಂಚಿಗೆ ಇವು ಬಾರದಂತೆ ನೋಡುವುದು ಈ ವರ್ಷದ ಕೆಲಸ ಮಾತ್ರವಲ್ಲ, ಮೂರು ವರ್ಷದ್ದು. ಯುಪಟೋರಿಯಮ್ಮನ್ನು ಮಳೆ ಬಿದ್ದು ನೆಲ ಮೆತ್ತಗಾದಾಗ, ಹೂ ಬರುವ ಮೊದಲು, ಬೇರುಸಹಿತ ಕೀಳಬೇಕು. ಲಂಟಾನವನ್ನು ಕತ್ತಿಯಿಂದ ಸವರಿದರೆ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ಗುದ್ದಲಿಯಿಂದ ಮಣ್ಣು ಸರಿಸಿ, ಕಾಂಡ ಬೇರಾಗುವ ಗಂಟಿನ ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಿಸಬೇಕು. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ಬಳಕೆಗೆ ತಂದ ಈ ಕ್ರಮವನ್ನು ದೇಶದ ಹಲವು ಅಭಯಾರಣ್ಯಗಳಲ್ಲಿ ಅನುಸರಿಸಿದ್ದಾರೆ. ಮರುವರ್ಷ ಹುಟ್ಟುವ ಮರಿಗಳನ್ನು ಕೀಳಲು ಮತ್ತೆ ಹೋಗಲೇಬೇಕು. ಒಂದು ದಿನದ ಉತ್ಸಾಹಕ್ಕೆ ಇದು ಕೆಲಸವಲ್ಲ. ಹೀಗಾಗಿಯೇ ಬ್ಯಾನರು ಹಿಡಿದು ಬರುವ ಇನ್ನೂರು ಜನಕ್ಕಿಂತ ಮೂರು ವರ್ಷ ತಪ್ಪದೆ ಬರುವ ಇಪ್ಪತ್ತು ಜನ ನಮಗೆ ಬೇಕು.

ಇಷ್ಟೆಲ್ಲ ಮಾಡಿ ಮುಂದಿನ ಫೆಬ್ರವರಿಗೆ ಮತ್ತೆ ಬೆಂಕಿ ಬಿದ್ದರೆ? ಈ ಪ್ರಶ್ನೆಯನ್ನು ಎತ್ತದೆ ಬಿಡುವುದು ಆತ್ಮವಂಚನೆಯಾದೀತು. ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಬಹಳ ಅಪರೂಪ. ಬಿದಿರು ಉಜ್ಜಿ ಬೆಂಕಿ ಬರುತ್ತದೆಂಬುದು ಅಪರಾಧಿಯನ್ನು ಹುಡುಕಲು ಮನಸ್ಸಿಲ್ಲದವರು ಹೇಳುವ ಕಥೆ. ಯಾರು ಹಚ್ಚುತ್ತಾರೆ? ಎಳೆಹುಲ್ಲು ಬರಲೆಂದು ದನ ಮೇಯಿಸುವವರು, ಜೇನು ತೆಗೆಯುವವರು, ಬೀಡಿ ಸಿಗರೇಟಿನವರು, ರಾತ್ರಿ ತಂಗುವ ಚಾರಣಿಗರು ಎಂದು ಪಟ್ಟಿ ಮಾಡುವಾಗ ಒಂದು ಹೆಸರನ್ನು ನಾವು ಬಿಟ್ಟುಬಿಡುತ್ತೇವೆ. ಬೇಲಿಯಂಚಿನ ಕಸವನ್ನು ಮಾರ್ಚ್ ತಿಂಗಳ ಮಧ್ಯಾಹ್ನ ಸುಡುವ ತೋಟದವರು. ಕಾಫಿ ಕುಯ್ಲು ಮುಗಿದು ಆಳುಗಳು ಬಿಡುವಾಗುವುದು ಆಗಲೇ, ಗಾಳಿ ಏಳುವುದೂ ಆಗಲೇ. ಉತ್ತರಾಖಂಡದ ಅಲ್ಮೋಡಾ ಜಿಲ್ಲೆಯ ಶೀತ್ಲಾಖೇತ್ ಸುತ್ತಲಿನ ಹಳ್ಳಿಗಳವರು ಹೊಲದ ಕಸ ಸುಡುವುದನ್ನು ಮಾರ್ಚ್ ಮುಗಿಯುವುದರೊಳಗೆ ಪೂರೈಸಬೇಕೆಂದು ತಮ್ಮತಮ್ಮಲ್ಲೇ ಕಟ್ಟು ಮಾಡಿಕೊಂಡಿದ್ದಾರೆ, ಕಾಡಿಗೆ ಬೆಂಕಿ ಬಿದ್ದರೆ ಮೊದಲು ಓಡುವವರೂ ಅಲ್ಲಿನ ಹೆಂಗಸರೇ. ಅವರ ಹವೆ ಬೇರೆ, ನಮಗೆ ಮಾರ್ಚ್ ತಡವಾಯಿತು. ನಮ್ಮ ಸಂಘದ ಕಟ್ಟು ಜನವರಿ 15 ಆಗಬೇಕು. ಅದರ ನಂತರ ಗುಡ್ಡದಂಚಿನ ತೋಟದಲ್ಲಿ ಯಾರೂ ಕಸ ಸುಡಕೂಡದು. ಸುಡುವುದಾದರೂ ಏಕೆ? ಅಡಿಕೆಯವರು ದರಗಿಗೆ ಹೆಣಗುತ್ತಾರೆ, ಕಾಫಿಯವರು ಗೊಬ್ಬರಕ್ಕೆ ಹಣ ಸುರಿಯುತ್ತಾರೆ.

ದನ ಮೇಯಿಸುವವರ ಮೇಲೆ, ಕಾಡಿನ ಜನರ ಮೇಲೆ ಎಲ್ಲ ದೋಷವನ್ನೂ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. 1921ರಲ್ಲಿ ಕುಮಾಊಂ ಬೆಟ್ಟಗಳಲ್ಲಿ ಸರ್ಕಾರಿ ಕಾಡುಗಳಿಗೆ ಊರೂರಿನವರೇ ಬೆಂಕಿ ಇಟ್ಟರು. ಹುಲ್ಲು ಸೌದೆಯ ಹಕ್ಕನ್ನು ಬ್ರಿಟಿಷರು ಕಿತ್ತುಕೊಂಡದ್ದೇ ಅದಕ್ಕೆ ಕಾರಣ. ಆಗ ಕುಂದುಕೊರತೆಯ ಸಮಿತಿಯೊಂದನ್ನು ನೇಮಿಸಿ, ಕಡೆಗೆ 1931ರಲ್ಲಿ ವನಪಂಚಾಯತಿಗಳಿಗೆ ದಾರಿ ಮಾಡಬೇಕಾಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ, ತರಗೆಲೆ ತೆಳುವಾಗಿದ್ದಾಗ, ‘ತರಗು ಬೆಂಕಿ’ ಎಂಬ ಸಣ್ಣ ಬೆಂಕಿ ಹಾಕುತ್ತಿದ್ದರು. ಅದು ನೆಲದ ಮೇಲೆ ಹರಿದು ಆರಿಹೋಗುತ್ತಿತ್ತು, ಮರ ಸುಡುತ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಹೆಚ್ಚಿದ್ದು ಅದು ನಿಂತ ಮೇಲೆ ಎಂದು ಸೋಲಿಗರು ಹೇಳುತ್ತಾರೆ, ಅಲ್ಲಿ ಅಧ್ಯಯನ ಮಾಡಿದವರೂ ಆ ಮಾತನ್ನು ಎತ್ತಿಹಿಡಿದಿದ್ದಾರೆ. ನಮ್ಮ ಶೋಲಾ ಗುಡ್ಡಕ್ಕೆ ಬೆಂಕಿ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಗುಡ್ಡದ ಮೇಲೆ ವರ್ಷವಿಡೀ ಓಡಾಡುವ ದನಗಾಹಿಗಳನ್ನೂ ಹಾಡಿಯವರನ್ನೂ ಕೇಳದೆ ಕಾಡು ಕಾಯುವ ಯೋಜನೆ ಮಾಡಿದರೆ ಅದು ಕಾಗದದ ಮೇಲೆ ಉಳಿಯುತ್ತದೆ ಎನ್ನುತ್ತಿದ್ದೇನೆ. ಬೆಂಕಿಗೆರೆ ಎಲ್ಲಿ ಸವರಿದರೆ ನಿಲ್ಲುತ್ತದೆ, ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ ಎಂಬುದು ಅವರಿಗೆ ತಿಳಿದಷ್ಟು ನಮಗೆ ತಿಳಿಯದು. 1993ರಿಂದ ಗ್ರಾಮ ಅರಣ್ಯ ಸಮಿತಿಗಳೆಂಬ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ನಮ್ಮೂರಿನ ಸಮಿತಿ ಕೊನೆಯ ಸಲ ಸಭೆ ಸೇರಿದ್ದು ಯಾವಾಗ ಎಂದು ವಿಚಾರಿಸಿದೆ, ಹೇಳುವವರು ಸಿಗಲಿಲ್ಲ.

ಶ್ರಮದಾನ ಎಂಬ ಮಾತಿನ ಬಗ್ಗೆಯೂ ಒಂದಿಷ್ಟು. ನಮ್ಮ ಸೀಮೆಯಲ್ಲಿ ಶ್ರಮವನ್ನು ಆಳುಗಳೂ ದಾನದ ಹೆಸರನ್ನು ಸಾಹುಕಾರರೂ ಹಂಚಿಕೊಳ್ಳುವ ಪದ್ಧತಿ ಉಂಟು. ಲೈನಿನಿಂದ ಹತ್ತು ಆಳು ಕಳಿಸಿ, ತಾವು ಮಧ್ಯಾಹ್ನ ಕಾರಿನಲ್ಲಿ ಬಂದು ಗುದ್ದಲಿ ಹಿಡಿದು ಒಂದು ಚಿತ್ರ ತೆಗೆಸಿಕೊಂಡರೆ ಅದು ಶ್ರಮದಾನವಲ್ಲ. ತೋಟದ ಕೆಲಸಗಾರರು ಬಂದರೆ ಆ ದಿನದ ಪೂರ್ತಿ ಕೂಲಿ ಮತ್ತು ಊಟ ಕಳಿಸಿದವರದೇ ಹೊಣೆ. ಬರಲಾರೆನೆಂದ ಕೆಲಸಗಾರನನ್ನು ಬಲವಂತ ಮಾಡಕೂಡದು. ದಾನ ಮಾಡುವವರು ಸದಸ್ಯರು, ಸದಸ್ಯರ ಮನೆಯವರು. ಸೊಂಟ ನೋವಿನವರು ಅಡಿಗೆ ಕೆಲಸಕ್ಕೋ ಲೆಕ್ಕ ಬರೆಯಲಿಕ್ಕೋ ಬರಬಹುದು.

ಬೆಂಕಿ ಇರುವಾಗಿನ ಕೆಲಸಕ್ಕೂ ಬೆಂಕಿ ಆರಿದ ಮೇಲಿನ ಕೆಲಸಕ್ಕೂ ಬಹಳ ಅಂತರವಿದೆ, ಅದನ್ನು ನಮ್ಮ ಹುಡುಗರು ತಿಳಿಯಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಸಕಲೇಶಪುರ ತಾಲ್ಲೂಕಿನಲ್ಲಿ, ತರಬೇತಿಯಿದ್ದ ಅರಣ್ಯ ರಕ್ಷಕರೇ ಬೆಂಕಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದ ಇಪ್ಪತ್ತಕ್ಕೂ ಹೆಚ್ಚು ಜನ ಹುಲ್ಲುಗುಡ್ಡದ ಬೆಂಕಿಗೆ ಆಹುತಿಯಾದರು. ಒಣಹುಲ್ಲಿನ ಏರಿನಲ್ಲಿ ಕೆಳಗಿನಿಂದ ಬರುವ ಬೆಂಕಿ ಮನುಷ್ಯ ಓಡುವುದಕ್ಕಿಂತ ವೇಗವಾಗಿ ಏರುತ್ತದೆ. ಆದ್ದರಿಂದ ಬೆಂಕಿ ಬಿದ್ದಾಗ ಇಲಾಖೆಯವರ ಮಾತು ಮೀರಿ ಯಾರೂ ಮೇಲೆ ಹೋಗಕೂಡದು, ಹದಿನೆಂಟು ತುಂಬದವರಂತೂ ಹೋಗಲೇಬಾರದು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯವರು 2004ರಿಂದ ಉಪಗ್ರಹದ ನೆರವಿನಿಂದ ಬೆಂಕಿಯ ಜಾಗ ಗುರುತಿಸುತ್ತಿದ್ದಾರೆ. ಹೆಸರು ನೋಂದಾಯಿಸಿದರೆ ಸಾಮಾನ್ಯರಿಗೂ ಮೊಬೈಲಿಗೆ ಸೂಚನೆ ಬರುತ್ತದೆ. ಸಂಘದ ಕಚೇರಿಯ ನಂಬರನ್ನು ನೋಂದಾಯಿಸುವಂತೆ ಗುಮಾಸ್ತರಿಗೆ ಹೇಳಿದ್ದೇನೆ.

ಹಣದ ವಿಷಯ. ಅರ್ಜಿಯಲ್ಲಿ ಕೇಳಿದ ಮೊತ್ತದ ಹೆಚ್ಚಿನ ಭಾಗ ಸಸಿ ಮತ್ತು ಜೆ.ಸಿ.ಬಿ. ಬಾಡಿಗೆಗೆ. ಅವೆರಡನ್ನೂ ಬಿಟ್ಟರೆ ಹಾರೆ, ಪಿಕಾಸಿ, ಗುದ್ದಲಿ, ಊಟ, ಬರುವವರಿಗೆ ಅಪಘಾತ ವಿಮೆ, ಇಷ್ಟೇ ಖರ್ಚು. ಕಾಮನ್ ಗುಡ್ ಫಂಡಿಗೆ ಇದು ಭಾರವಲ್ಲ. ಉಳಿದ ಹಣದಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಗುಡ್ಡದಂಚಿನಲ್ಲಿ ಇಬ್ಬರು ಕಾವಲಿನವರನ್ನು ದನಗಾಹಿಗಳ ಮನೆಗಳಿಂದಲೇ ಸಂಬಳ ಕೊಟ್ಟು ನೇಮಿಸಬೇಕೆಂದು ನಾನು ಮಂಡಳಿಗೆ ಶಿಫಾರಸು ಮಾಡುತ್ತಿದ್ದೇನೆ. ಸಸಿಗಿಂತ ಇದರಿಂದ ಹೆಚ್ಚು ಕಾಡು ಉಳಿದೀತು. ಇದಕ್ಕೆ ವಿರೋಧವಿರುವ ಸದಸ್ಯರು ತಮ್ಮ ಅಭಿಪ್ರಾಯ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು. ಅರ್ಜಿದಾರರ ಉತ್ತರಕ್ಕೂ ಜಾಗವಿದೆ.

ದಾರಿ ಕೆಲಸಕ್ಕೆ ಅನುಮತಿ ಕೋರಿ ವಲಯ ಅರಣ್ಯಾಧಿಕಾರಿಗಳಿಗೆ ಪತ್ರ ಬರೆದಿದೆ. ಲಿಖಿತ ಒಪ್ಪಿಗೆ ಬಾರದೆ ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ. ಒಪ್ಪಿಗೆ ಬಂದ ಕೂಡಲೇ, ಅಡಿಕೆಯವರು ಕೊಳೆ ಔಷಧಿಯ ತಯಾರಿಗೆ ಇಳಿಯುವುದರೊಳಗೆ, ಮೇ ತಿಂಗಳ ನಾಲ್ಕು ಭಾನುವಾರ ಕೆಲಸ ನಡೆಸುವ ಆಲೋಚನೆಯಿದೆ. ಕನಿಷ್ಠ ಎರಡು ಭಾನುವಾರ ಬರಬಲ್ಲವರು ಕಚೇರಿಯ ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು. ಬರುವಾಗ ಅವರವರ ಗುದ್ದಲಿ, ಕತ್ತಿ, ಕುಡಿಯುವ ನೀರು ತರಬೇಕು, ಕಾಲಿಗೆ ಗಟ್ಟಿ ಬೂಟಿರಬೇಕು. ಬೀಡಿ, ಸಿಗರೇಟು, ಬೆಂಕಿಪೊಟ್ಟಣವನ್ನು ಗೋದಾಮಿನಲ್ಲಿ ಇಟ್ಟು ಹೊರಡುವುದು. ಸಂಘದ ಲಾರಿ ಬೆಳಿಗ್ಗೆ ಆರೂವರೆಗೆ ಗೋದಾಮಿನ ಮುಂದಿನಿಂದ ಹೊರಡುತ್ತದೆ, ತಡವಾಗಿ ಬಂದವರಿಗೆ ಕಾಯುವುದಿಲ್ಲ.